ಫೋನ್ ಎತ್ತುವವರಿಗೆ ನಲವತ್ತು ಅಂಕ

ಮಾರ್ಚ್ 3, ಸೋಮವಾರ

ಇವತ್ತಿನ ಕ್ಲಾಸನ್ನು ಬಚ್ಚಲುಮನೆಯ ನೀರಿನ ಡ್ರಮ್ ಮೇಲೆ ಕೂತು ಕೇಳಿದೆ. ಈ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವ ಜಾಗ ಅದೊಂದೇ. ಅದೂ ತಲೆಯನ್ನು ಎಡಕ್ಕೆ ವಾಲಿಸಿದರೆ ಮಾತ್ರ. ಕಾಲೇಜು ಕಟ್ಟಡದ ಸೂರು ರಿಪೇರಿ ಮುಗಿಯುವ ತನಕ ಫಸ್ಟ್ ಇಯರ್‌ನವರಿಗೆಲ್ಲ ಆನ್‌ಲೈನ್ ಪಾಠ. ಸಂಖ್ಯಾಶಾಸ್ತ್ರದ ಮೇಡಂ ನನಗೇ ಒಂದು ಪ್ರಶ್ನೆ ಹಾಕಿದರು. ಉತ್ತರ ಗೊತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಲೈನ್ ನಿಂತಿತು. ಆಮೇಲೆ ಕ್ಲಾಸಿನವಳೊಬ್ಬಳು ಫೋಟೋ ಕಳಿಸಿದಳು: ತೆರೆದ ಬಾಯಿ, ಅರ್ಧ ಮುಚ್ಚಿದ ಕಣ್ಣು, ತಲೆಯ ಹಿಂದೆ ನೇತಾಡುವ ಮಗ್ಗು. ಹಲ್ಲಿನ ಡಾಕ್ಟರು ಕಂಡರೆ ಕ್ಲಿನಿಕ್ಕಿನ ಬೋರ್ಡಿಗೆ ಹಾಕಿಕೊಳ್ಳುತ್ತಾರೆ.

ಸುದ್ದಿ ಒಂದು: 28ಕ್ಕೆ ಮೌಖಿಕ ಪರೀಕ್ಷೆ, ಅದೂ ವಿಡಿಯೋದಲ್ಲಿ. ಲೈನ್ ಎರಡು ಸಲಕ್ಕಿಂತ ಹೆಚ್ಚು ಕಟ್ಟಾದರೆ ಗೈರುಹಾಜರಿ, ಪೇಪರು ಮುಂದಿನ ವರ್ಷಕ್ಕೆ.

ಸುದ್ದಿ ಎರಡು: ಕಾಲೇಜಿನ ಹಾಸ್ಟೆಲ್‌ನಲ್ಲಿ ಒಂದು ಮಂಚ ಖಾಲಿ ಇದೆ. ಅಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುವ ಹಾಗೆ ಇಂಟರ್ನೆಟ್ ಬರುತ್ತದಂತೆ. 20ರ ಒಳಗೆ ಪೋಷಕರ ಸಹಿ ಇರುವ ಫಾರ್ಮ್ ಕೊಡಬೇಕು.

ಲೆಕ್ಕ ಸುಲಭ. 20ರ ಒಳಗೆ ಈ ಮನೆಗೆ ನೆಟ್ಟಗಿನ ಇಂಟರ್ನೆಟ್ ಬಂದರೆ ಇಲ್ಲಿ, ಬರದಿದ್ದರೆ ಹಾಸ್ಟೆಲ್. ನನಗೆ ಎರಡೂ ಒಂದೇ. ನಿಜ ಹೇಳಬೇಕೆಂದರೆ ಹಾಸ್ಟೆಲ್ಲೇ ವಾಸಿ. ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು, ಅಮ್ಮನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸದ ಮೂರು ಪಾಳಿ ಶುರುವಾಯಿತು, ನಾನು ಟ್ರಂಕ್ ಹಿಡಿದು ಶಾಲೆಯ ಹಾಸ್ಟೆಲ್ಲಿಗೆ ಹೊರಟೆ. ಎಂಟು ವರ್ಷ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು, ಗಂಟೆ ಬಾರಿಸಿದಾಗ ಮಲಗಿದವಳು. ಇಲ್ಲಿಗೆ ಬಂದು ಮೂರು ವಾರವಾಯಿತು, ಗಂಟೆಯೇ ಇಲ್ಲ. ಮೊದಲ ದಿನ ಅಂಗಡಿಗೆ ಹೊರಟಾಗ ಸಹಿ ಮಾಡುವ ರಿಜಿಸ್ಟರ್ ಎಲ್ಲಿದೆ ಅಂತ ಕೇಳಿಬಿಟ್ಟಿದ್ದೆ. ಅಮ್ಮ ಪಾಪ ಒಂದು ಕ್ಷಣ ಹುಡುಕಿದರು ಕೂಡ.

ಸಂಜೆ ಅಮ್ಮನಿಗೆ ಫಾರ್ಮ್ ಕೊಟ್ಟೆ. "ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು," ಅಂದರು. ಆಮೇಲೆ "ಓದಿ ಸಹಿ ಹಾಕ್ತೀನಿ" ಅಂತ ಅದನ್ನು ಫ್ರಿಜ್ ಮೇಲಿಟ್ಟರು.

ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮಾತು ಯಾವಾಗಲೂ ಇಷ್ಟಕ್ಕೇ ಮುಗಿಯುತ್ತದೆ. ಹಾಸ್ಟೆಲ್‌ನಲ್ಲಿ ಭಾನುವಾರ ಮನೆಯಿಂದ ಬಂದ ಫೋನಿಗೆ ತಲಾ ಮೂರು ನಿಮಿಷ. ವಾರ್ಡನ್ ಗೋಡೆ ಗಡಿಯಾರದ ಕೆಳಗೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಈಗ ವಾರ್ಡನ್ ಇಲ್ಲ, ಗಡಿಯಾರದ ಬ್ಯಾಟರಿ ಹೋಗಿದೆ, ಆದರೂ ಮೂರು ನಿಮಿಷಕ್ಕೆ ಸರಿಯಾಗಿ ಇಬ್ಬರೂ ಎದ್ದು ಬೇರೆ ಬೇರೆ ರೂಮಿಗೆ ಹೋಗುತ್ತೇವೆ.

ಮಾರ್ಚ್ 5, ಬುಧವಾರ

ಬುಧವಾರ, ಶನಿವಾರ ಬಟ್ಟೆ ದಿನ. ಇಲ್ಲಿ ಹಾಗೇನೂ ನಿಯಮ ಇಲ್ಲ, ಆದರೆ ಕೈಗೆ ಅಭ್ಯಾಸ. ಬೆಡ್‌ಶೀಟು, ಹೊದಿಕೆ ಒಗೆದು ತಾರಸಿಯಲ್ಲಿ ಒಣಹಾಕಿದೆ. ಅಲ್ಲಿ ಎರಡು ಹಗ್ಗಗಳಿವೆ. ಅಮ್ಮ ಯೂನಿಫಾರ್ಮ್ ಹಾಕುವ ಬಿಳಿ ಹಗ್ಗ, ಅದರಾಚೆ ಎತ್ತರದಲ್ಲಿ ದಪ್ಪನೆಯ ಕಪ್ಪು ಹಗ್ಗ. ಹಾಸ್ಟೆಲ್‌ನಲ್ಲಿ ಬಿಳಿ ಹಗ್ಗ ಚಿಕ್ಕವರಿಗೆ, ಕಪ್ಪು ಹಗ್ಗ ಸೀನಿಯರ್‌ಗಳಿಗೆ. ಬಿಳಿ ಹಗ್ಗದಲ್ಲಿ ಒಂದು ಗೇಣು ಜಾಗಕ್ಕಾಗಿ ಆರು ವರ್ಷ ಮೊಣಕೈ ಯುದ್ಧ ಮಾಡಿದವಳು ನಾನು. ಈಗ ಇಡೀ ಕಪ್ಪು ಹಗ್ಗ ನನ್ನೊಬ್ಬಳದೇ. ಈ ಮನೆಯಲ್ಲಿ ನನಗೆ ಪೂರ್ತಿ ಅರ್ಥವಾದ ವಸ್ತು ಅದೊಂದೇ.

ಮಧ್ಯಾಹ್ನ ಇಂಟರ್ನೆಟ್ ಸಂಶೋಧನೆ. ನಮ್ಮ ಓಣಿಗೆ ಬರುವವರು ಒಟ್ಟು ಮೂರೇ. ಒಂದು, ಹಳೇ ಟೆಲಿಫೋನ್ ಕಂಪನಿ. ಅವರ ತಂತಿ ನಮ್ಮ ಗೋಡೆಯಲ್ಲೇ ಇದೆ. ಎರಡು, ಏಣಿಯಕ್ಕ, ಸ್ಕೂಟರಿಗೆ ಏಣಿ ಕಟ್ಟಿಕೊಂಡು ಓಡಾಡುವ, ತಾರಸಿಯಿಂದ ತಾರಸಿಗೆ ತಂತಿ ಎಳೆದು ಓಣಿಗೆಲ್ಲ ಟಿವಿ, ಇಂಟರ್ನೆಟ್ ಕೊಡುವ ಹೆಂಗಸು. ಮೂರು, ಹೊಸ ಫೈಬರ್ ಕಂಪನಿ. ಜಾಹೀರಾತಿನಲ್ಲಿ ನಗುವ ಕುಟುಂಬ, ನಾಲ್ವರಿಗೂ ಒಂದೇ ಥರದ ಹಲ್ಲು.

ಗ್ರಾಫ್ ಹಾಳೆಯಲ್ಲಿ ಕೋಷ್ಟಕ ಹಾಕಿದೆ. ವೇಗಕ್ಕೆ 40 ಅಂಕ, ಗ್ಯಾರಂಟಿಗೆ 30, ಜನರ ಅಭಿಪ್ರಾಯಕ್ಕೆ 20, ಆಫೀಸಿನ ಅಚ್ಚುಕಟ್ಟಿಗೆ 10. ನಾಲ್ಕು ಬಣ್ಣದ ಪೆನ್ನು. ಹೋಲಿಕೆಗೆ ಹಾಸ್ಟೆಲ್ಲಿನ ಇಂಟರ್ನೆಟ್ಟನ್ನೂ ಸೇರಿಸಿದೆ. ಅದಕ್ಕೆ 94. ಫೈಬರ್ ಕಂಪನಿಗೆ 88.

ಅಮ್ಮ ಬಗ್ಗಿ ನೋಡಿ, "ಇದು ಪರೀಕ್ಷೆಗಾ?" ಅಂದರು.

"ಇಲ್ಲ, ಮನೆಗೆ."

"ಮನೆಗಾ," ಅಂತ ಮತ್ತೊಮ್ಮೆ ಅಂದು ಟೀ ಮಾಡಲು ಹೋದರು. ಎರಡೇ ನಿಮಿಷ ಆಗಿತ್ತು.

ಮಾರ್ಚ್ 6, ಗುರುವಾರ

ಟೆಲಿಫೋನ್ ಕಂಪನಿಯವರು ಬಂದರು. ಗೋಡೆಯ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಪೂರ್ತಿ ತಂತಿ ಕೈಗೆ ಬಂತು. ಒಂದು ಮೊಳ ಉದ್ದ. ಇನ್ನೊಂದು ತುದಿ ಯಾವುದಕ್ಕೂ ಅಂಟಿಕೊಂಡಿರಲಿಲ್ಲ.

"ಇದು ಯಾವಾಗ ಕೆಟ್ಟಿದ್ದು?" ಅಂತ ನನ್ನನ್ನೇ ಕೇಳಿದರು.

ಅಮ್ಮ ಒಳಗಿನಿಂದ, "ಅದಕ್ಕೇ ನಂಗೆ ಯಾರೂ ಫೋನ್ ಮಾಡ್ತಿರಲಿಲ್ಲ!" ಅಂದರು.

ಅಮ್ಮನಿಗೆ ಜೋಕು ಮಾಡಲು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಗಬೇಕೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ಸಮಯ ಮೀರಿತ್ತು.

ಫಾರ್ಮ್ ಬಗ್ಗೆ ಕೇಳಿದೆ. "ಓದ್ತಿದ್ದೀನಿ," ಅಂದರು. ಅದರಲ್ಲಿರುವುದು ಐದು ಸಾಲು.

ಮಾರ್ಚ್ 8, ಶನಿವಾರ

ಬಟ್ಟೆ ಒಣಹಾಕಿ ಏಣಿಯಕ್ಕನ ಆಫೀಸಿಗೆ ಹೋದೆ. ಆಫೀಸು ಅಂದರೆ ಒಂದು ಶಟರು, ತಂತಿಯ ಸುರುಳಿಗಳ ಗುಡ್ಡ, ಎರಡು ಕುರ್ಚಿ. ಒಂದರ ಮೇಲೆ ಏಣಿಯಕ್ಕ, ಇನ್ನೊಂದರ ಮೇಲೆ ಅವರ ಊಟದ ಡಬ್ಬಿ. ನಾನು ಬಾಗಿಲಲ್ಲೇ ನಿಂತು "ಮೇ ಐ ಕಮ್ ಇನ್" ಅಂದೆ.

ಏಣಿಯಕ್ಕ ಹಿಂದೆ ತಿರುಗಿ ನೋಡಿದರು, ಇನ್ಯಾರಾದರೂ ಇದ್ದಾರಾ ಅಂತ. "ಬಾ ಮರಿ. ಶಾಲೆ ಅಲ್ಲ ಇದು." ಡಬ್ಬಿ ತೆಗೆದು ಕುರ್ಚಿ ಕೊಟ್ಟರು. ಮಾತಿನ ನಡುವೆ ಅವರ ಫೋನು ಆರು ಸಲ ಬಡಿಯಿತು. ಆರು ಸಲವೂ ಎತ್ತಿದರು. "ಹೌದು ಮೇಷ್ಟ್ರೇ ಗೊತ್ತು, ಬರ್ತೀನಿ ಮೇಷ್ಟ್ರೇ, ಅಳಿಲು ಕಚ್ಚಿರಬೇಕು ಮೇಷ್ಟ್ರೇ."

ನನ್ನ ಕಡೆ ತಿರುಗಿ, "ನಿಮ್ಮ ಓಣಿ ಒಂದು ತಿಂಗಳಿಂದ ನನ್ನ ಪ್ರಾಣ ತಿಂತಿದೆ. ಬೇರೆಲ್ಲ ಸರಿ ಇದೆ, ಅದೊಂದೇ ಓಣಿ. ಅದೂ ದಿನಾ ಅಲ್ಲ, ವಾರಕ್ಕೆ ಎರಡು ದಿನ. ನಾನು ಬರೋ ಹೊತ್ತಿಗೆ ಸರಿಯಾಗಿರುತ್ತೆ. ಇಂಥ ಶಿಸ್ತಿನ ಅಳಿಲು ನಾನು ಕಂಡಿಲ್ಲ."

ನಾನು ಪರೀಕ್ಷೆಯ ವಿಷಯ ಹೇಳಿದೆ. ಗ್ಯಾರಂಟಿ ಕೊಡ್ತೀರಾ ಅಂತ ಕೇಳಿದೆ.

"ಇಲ್ಲ."

"ಸ್ವಲ್ಪವೂ?"

"ಗ್ಯಾರಂಟಿ ಕೊಡೋರು ಫೋನ್ ಎತ್ತಲ್ಲ ಮರಿ. ನಾನು ಗ್ಯಾರಂಟಿ ಕೊಡಲ್ಲ, ಫೋನ್ ಎತ್ತುತ್ತೀನಿ. ಯಾವುದು ಬೇಕು ನೋಡ್ಕೋ."

ಮನೆಗೆ ಬಂದು ಕೋಷ್ಟಕ ತುಂಬಿದೆ. ವೇಗ 14, ಗ್ಯಾರಂಟಿ 0, ಜನರ ಅಭಿಪ್ರಾಯ 15, ಅಚ್ಚುಕಟ್ಟು 2. ಒಟ್ಟು 31. ಫೇಲ್.

ಮಾರ್ಚ್ 10, ಸೋಮವಾರ

ಫೈಬರ್ ಕಂಪನಿಗೆ ಫೋನ್ ಮಾಡಿದೆ. ಮೊದಲು ಸಂಗೀತ. ಆಮೇಲೆ ಒಬ್ಬ ಹೆಣ್ಣುಮಗಳು ನಾನು ಅವರಿಗೆ ತುಂಬಾ ಮುಖ್ಯ ಅಂತ ಹೇಳಿದಳು. ಆಮೇಲೆ ಮತ್ತೆ ಸಂಗೀತ. ಇಪ್ಪತ್ತೆರಡು ನಿಮಿಷ ಡ್ರಮ್ ಮೇಲೆ ಕೂತು ಕೂತು ತೊಡೆಯ ಮೇಲೆ ಮುಚ್ಚಳದ ಗುರುತು ಬಿತ್ತು. ಕೊನೆಗೆ ನಿಜವಾದ ಮನುಷ್ಯ ಸಿಕ್ಕಿದ. ಓಣಿಗೆ ತಂತಿ ಎಳೆಯಬೇಕಾದರೆ ಕನಿಷ್ಠ ಐದು ಮನೆ ಒಪ್ಪಬೇಕಂತೆ.

ಐದು ಮನೆ! ಅಂದರೆ ಐದು ಬಾಗಿಲು. ಐದು ಸಲ ಬೆಲ್ ಒತ್ತಿ, ಐದು ಸಲ ನಾನು ಯಾರು ಅಂತ ಹೇಳಿ, ಐದು ಸಲ ಕೈಯನ್ನು ಎಲ್ಲಿಟ್ಟುಕೊಳ್ಳಬೇಕು ಅಂತ ಯೋಚಿಸಬೇಕು.

ಅಷ್ಟು ಮಾತಾಡುವ ಬದಲು ಒಂದು ಕಾಗದ ಬರೆದರೆ ಆಯಿತು ಅಂತ ಹೊಳೆಯಿತು. ಹಾಸ್ಟೆಲ್‌ನಲ್ಲಿ ಎಲ್ಲವೂ ಕಾಗದದಲ್ಲೇ ನಡೆಯುತ್ತಿತ್ತು. ಜ್ವರ ಬಂದರೂ ಅರ್ಜಿ ಬರೆದ ಮೇಲೆ ಮಾತ್ರ ಬಂದ ಹಾಗೆ.

ಮಾರ್ಚ್ 11, ಮಂಗಳವಾರ

ಯಾರ ಬಾಗಿಲೂ ತಟ್ಟಲಿಲ್ಲ. ಬಾಗಿಲುಗಳನ್ನು ನೋಡಿಕೊಂಡು ಬಂದೆ.

ಮಾರ್ಚ್ 12, ಬುಧವಾರ

ಗೆದ್ದೆ! ಬೆಳಿಗ್ಗೆ ಬಟ್ಟೆ ಒಣಹಾಕಿ, ತಲೆ ಬಾಚಿ, ಕಾಗದ ಹಿಡಿದು ಹೊರಟೆ. ಹಾಸ್ಟೆಲ್ ಮಾದರಿಯಲ್ಲೇ ಬರೆದಿದ್ದೆ: "ಮಾನ್ಯರೇ, ನಮ್ಮ ಓಣಿಯಲ್ಲಿ ಇಂಟರ್ನೆಟ್ ಸರಿಯಾಗಿ ಸಿಗದೆ ನಾವು ಅನುಭವಿಸುತ್ತಿರುವ ತೊಂದರೆಯನ್ನು ತಮ್ಮ ಅವಗಾಹನೆಗೆ ತರಬಯಸುತ್ತೇವೆ." ಕೆಳಗೆ ಗೆರೆ ಎಳೆದ ಕಾಲಮ್ಮುಗಳು. ಕೈ ತಪ್ಪಿ "ಹೊರ ಹೋದ ಸಮಯ, ಒಳ ಬಂದ ಸಮಯ" ಅಂತಲೂ ಬರೆದುಬಿಟ್ಟಿದ್ದೆ. ಹೊಡೆದುಹಾಕಿದೆ.

ಮೊದಲು ಎದುರು ಮನೆಯ ಟೇಲರಮ್ಮ. ಕಂಪನಿ, ಫೈಬರು, ಐದು ಮನೆ ಅಂತೆಲ್ಲ ಹೇಳಬೇಕು ಅಂತ ಬಾಯಿಪಾಠ ಮಾಡಿದ್ದೆ. ಬಾಗಿಲು ತೆರೆದ ತಕ್ಷಣ ನಾಲಿಗೆ ಅಂಟಿಕೊಂಡಿತು. "ಇಂಟರ್ನೆಟ್... ಸಹಿ... ಪ್ಲೀಸ್" ಅಂದೆ.

"ಕೊಡಮ್ಮ ಇಲ್ಲಿ! ಇವತ್ತೂ ಬೆಳಿಗ್ಗೆಯಿಂದ ಸತ್ತು ಬಿದ್ದಿದೆ," ಅಂತ ಟೇಲರಮ್ಮ ಬಾಯಲ್ಲಿ ಸೂಜಿ ಇಟ್ಟುಕೊಂಡೇ ಸಹಿ ಹಾಕಿದರು. ಡ್ರೈವಿಂಗ್ ಕಲಿಸುವ ಮೇಷ್ಟ್ರು ಕಾಗದವನ್ನು ಸ್ಟೀರಿಂಗ್ ಮೇಲಿಟ್ಟು ಹಾಕಿದರು, ದಿನಾಂಕ ಸಮೇತ. ಆರು ಮನೆ, ಆರು ಸಹಿ, ಒಂದು ಪ್ರಶ್ನೆಯೂ ಇಲ್ಲ. ನನ್ನ ಮಾತಿನಲ್ಲಿ ಇಷ್ಟು ಶಕ್ತಿ ಇದೆ ಅಂತ ಗೊತ್ತಿರಲಿಲ್ಲ. ಮೂರು ಶಬ್ದದಲ್ಲಿ ಆರು ಮನೆ. ಚುನಾವಣೆಗೆ ನಿಲ್ಲಬಹುದು.

ಡ್ಯೂಟಿಗೆ ಹೊರಟಿದ್ದ ಅಮ್ಮನ ಮುಂದೆಯೂ ಕಾಗದ ಹಿಡಿದೆ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಾ, ಗೋಡೆಗೆ ಕಾಗದ ಒತ್ತಿ, ಓದದೇ ಸಹಿ ಗೀಚಿದರು. ಅರ್ಧ ಸೆಕೆಂಡು. "ಆ ಫಾರ್ಮಿಗೂ ಹೀಗೇ ಹಾಕಿಬಿಡಿ ಅಮ್ಮ," ಅಂದೆ.

"ಅದನ್ನ ಇನ್ನೂ ಓದ್ತಿದ್ದೀನಿ," ಅಂದರು.

ನರ್ಸುಗಳು ಮಾತ್ರೆ ಚೀಟಿಯನ್ನು ಎಷ್ಟು ದಿನ ಓದುತ್ತಾರೋ, ರೋಗಿಗಳನ್ನು ದೇವರೇ ಕಾಪಾಡಬೇಕು.

ಮಾರ್ಚ್ 14, ಶುಕ್ರವಾರ

ಫೈಬರ್ ಕಂಪನಿಯಿಂದ ಫೋನ್. ನಾನು ಕಳಿಸಿದ ಕಾಗದ ನೋಡಿ ಅವರು ಆರೂ ಮನೆಗೆ ಫೋನ್ ಮಾಡಿದರಂತೆ. ಆರೂ ಮನೆಯವರು ಒಂದೇ ಉತ್ತರ ಕೊಟ್ಟರಂತೆ: "ಯಾವ ಕಂಪನಿ? ನಾವು ಸಹಿ ಹಾಕಿದ್ದು ಏಣಿಯಕ್ಕ ಲೈನ್ ರಿಪೇರಿ ಮಾಡ್ಲಿ ಅಂತ."

"ಮೇಡಂ, ನಿಮ್ಮ ಓಣಿ ನಮಗೆ ಕಾರ್ಯಸಾಧ್ಯ ಅಲ್ಲ," ಅಂದ ಆ ಮನುಷ್ಯ. ನನಗೆ ಜೀವನದಲ್ಲಿ ಮೊದಲ ಸಲ ಯಾರೋ ಮೇಡಂ ಅಂದಿದ್ದು. ಅದೂ ಹೀಗೆ.

ಮಾರ್ಚ್ 15, ಶನಿವಾರ

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ, ಇದನ್ನು ಓದುವವಳು ನಾನೊಬ್ಬಳೇ ತಾನೆ.

ಹತ್ತು ಗಂಟೆಗೆ ಬೆಲ್ ಆಯಿತು. ಬಾಗಿಲಲ್ಲಿ ಏಣಿಯಕ್ಕ. ಹೆಗಲ ಮೇಲೆ ಏಣಿ, ಕೈಯಲ್ಲಿ ಫೋನು. ಫೋನಿನಲ್ಲಿ ನನ್ನ ಕಾಗದದ ಫೋಟೋ. ಟೇಲರಮ್ಮ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರಂತೆ.

"ಇದು ನಿನ್ನ ಅಕ್ಷರವಾ ಮರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೂ ನನಗೆ ಪುರುಸೊತ್ತು ಸಿಗಲಿಲ್ಲ. "ಹೌದು ಮೇಡಂ."

"ಮುದ್ದಾಗಿದೆ. ಹನ್ನೆರಡು ವರ್ಷದಲ್ಲಿ ಈ ಓಣಿಯವರು ನನ್ನ ಬೈದಿದ್ದಾರೆ, ಮಾತು ಬಿಟ್ಟಿದ್ದಾರೆ, ಮೇಷ್ಟ್ರು ಒಂದ್ಸಲ ಏಣಿ ಬಚ್ಚಿಟ್ಟಿದ್ದರು. ಕಾಗದ ಮಾತ್ರ ಯಾರೂ ಬರೆದಿರಲಿಲ್ಲ. ನನ್ನ ಕುರ್ಚಿ ಮೇಲೆ ಕೂತು ಹೋದೆಯಲ್ಲ, ಆಗಲೇ ಬಾಯಿಬಿಟ್ಟು ಹೇಳಬಾರದಿತ್ತಾ?"

ದನಿ ಜೋರಿರಲಿಲ್ಲ. ಜೋರಿದ್ದಿದ್ದರೆ ಚೆನ್ನಾಗಿತ್ತು. ಬೈಸಿಕೊಳ್ಳುವುದು ನನಗೆ ಬರುತ್ತದೆ, ಬೇಜಾರಾದವರನ್ನು ಏನು ಮಾಡಬೇಕು ಅಂತ ಹಾಸ್ಟೆಲ್‌ನಲ್ಲಿ ಕಲಿಸಲಿಲ್ಲ.

ಅಮ್ಮ ಬಂದು ಫೋಟೋ ಓದಿದರು. "ಅಯ್ಯೋ, ಇದಕ್ಕೆ ನಾನೂ ಸಹಿ ಹಾಕಿದ್ದೀನಾ?"

"ಓದದೇ ಹಾಕಿದ್ರಾ ಸಿಸ್ಟರ್?"

"ಇವಳ ಕಾಗದ ಓದಿ ನಂಗೆ ಅಭ್ಯಾಸವೇ ಇಲ್ಲ. ಎಂಟು ವರ್ಷದಿಂದ ಹಾಕ್ತಾನೇ ಬಂದಿದ್ದೀನಿ. ರಜೆ ಚೀಟಿ, ಪ್ರವಾಸದ ಚೀಟಿ, ಹಲ್ಲು ಕೀಳಿಸೋ ಚೀಟಿ. ಓದಕ್ಕೆ ಕೂತರೆ ಅಳು ಬರೋದು, ಅದಕ್ಕೇ ಓದ್ತಿರಲಿಲ್ಲ."

ಏಣಿಯಕ್ಕನ ಕಣ್ಣು ಫ್ರಿಜ್ ಮೇಲಿದ್ದ ಫಾರ್ಮಿನ ಮೇಲೆ ಬಿತ್ತು. "ಅದೇನು, ಇನ್ನೊಂದು ಚೀಟಿಯಾ?"

"ಅದು ಹಾಸ್ಟೆಲ್ಲಿಂದು. ಅದನ್ನ... ಓದ್ತಾ ಇದ್ದೀನಿ."

ಏಣಿಯಕ್ಕ ಫಾರ್ಮಿನಿಂದ ಅಮ್ಮನ ಕಡೆಗೆ ಕಣ್ಣು ಹೊರಳಿಸಿದರು. ಆಮೇಲೆ, "ಸರಿ, ಇವತ್ತೂ ಓಣಿ ಪೂರ್ತಿ ಡೆಡ್ಡು. ಲೈನು ನಿಮ್ಮ ತಾರಸಿ ಮೇಲಿಂದಲೇ ಹೋಗುತ್ತೆ. ಒಂದ್ಸಲ ನೋಡ್ತೀನಿ," ಅಂತ ಮೆಟ್ಟಿಲು ಹತ್ತಿದರು. ನಾನು ಪ್ರಾಯಶ್ಚಿತ್ತ ಅಂತ ಏಣಿಯ ಹಿಂದಿನ ತುದಿ ಹಿಡಿದುಕೊಂಡೆ.

ತಾರಸಿಯಲ್ಲಿ ಏಣಿಯಕ್ಕ ನಿಂತಲ್ಲೇ ನಿಂತುಬಿಟ್ಟರು.

ಕಪ್ಪು ಹಗ್ಗ. ಅದರ ಮೇಲೆ ನೀರು ತೊಟ್ಟಿಕ್ಕುತ್ತಿರುವ ನನ್ನ ಬೆಡ್‌ಶೀಟು, ಹೊದಿಕೆ, ದಿಂಬಿನ ಚೀಲ, ಎರಡು ಟವೆಲ್ಲು. ಆ ಭಾರಕ್ಕೆ ಹಗ್ಗ ನಡುವಿನಲ್ಲಿ ತೊಟ್ಟಿಲ ಹಾಗೆ ಜೋತುಬಿದ್ದಿತ್ತು. ಅದರ ತುದಿಯಲ್ಲಿ, ತಂತಿಗಳು ಕೂಡುವ ಕಪ್ಪು ಡಬ್ಬಿಯೊಂದು ಬಾಯಿ ಬಿಟ್ಟುಕೊಂಡು ಉಸಿರು ಎಳೆಯುತ್ತಿತ್ತು.

ಏಣಿಯಕ್ಕ ಬೆಡ್‌ಶೀಟಿನ ಮೂಲೆ ಹಿಡಿದು ತಿರುಗಿಸಿದರು. ಅಲ್ಲಿ ಕೆಂಪು ದಾರದಲ್ಲಿ ಹೊಲಿದ ನಂಬರು. "ಈ 117 ಯಾರು?"

"ನಾನು," ಅಂದೆ.

"ಬುಧವಾರ, ಶನಿವಾರ ಒಗೀತೀಯಾ?"

"ಹೌದು."

"ನಾನು ಒಂದು ತಿಂಗಳಿಂದ ಆ ಅಳಿಲಿಗೆ ಶಾಪ ಹಾಕ್ತಿದ್ದೀನಿ ಮರಿ!"

ಕಪ್ಪು ಹಗ್ಗ ಸೀನಿಯರ್‌ಗಳದ್ದು ಅಂತ ವಿವರಿಸಲು ಹೋದೆ. ಅರ್ಧಕ್ಕೆ ನನಗೇ ಕೇಳಲಾಗಲಿಲ್ಲ, ನಿಲ್ಲಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನು ನಾನೇ ಅಗೆದು, ಅದು ಡೊಂಕಾಗಿದೆ ಅಂತ ಆರು ಮನೆಯ ಸಹಿ ಮಾಡಿಸಿ, ಅದನ್ನು ಗೆಲುವು ಅಂತ ಡೈರಿಯಲ್ಲಿ ಬರೆದುಕೊಂಡವಳು.

ಏಣಿಯಕ್ಕ ನೆಲದ ಮೇಲೆ ಕೂತು ನಕ್ಕರು. ಅಮ್ಮ ಮೊದಲು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ಆಮೇಲೆ ಅವರೂ ಕೂತರು. ನಾನು ಬೆಡ್‌ಶೀಟು ಹಿಡಿದು ನಿಂತೇ ಇದ್ದೆ, ಶರಣಾಗತಿಯ ಬಾವುಟದ ಹಾಗೆ.

ಮಾರ್ಚ್ 16, ಭಾನುವಾರ

ರೂಮಿನಿಂದ ಹೊರಗೆ ಬರಲಿಲ್ಲ. ಮಧ್ಯಾಹ್ನ ಬಾಗಿಲ ಹೊರಗೆ ಯಾರೋ ಅಳಿಲಿನ ಹಾಗೆ ಚಿಕ್ ಚಿಕ್ ಅಂದರು. ಅಮ್ಮ.

ಮಾರ್ಚ್ 17, ಸೋಮವಾರ

ಏಣಿಯಕ್ಕ ಓಣಿಗೆಲ್ಲ "ಅಳಿಲೇ" ಅಂತ ಹೇಳಿದ್ದಾರಂತೆ. "ನೀನು ಬಾಯಿ ಬಿಡಬೇಡ. ಅಳಿಲಿಗೆ ಮಾನದ ಪ್ರಶ್ನೆ ಇಲ್ಲ," ಅಂದರು. ಒಪ್ಪಿಕೊಂಡೆ. ಆಮೇಲೆ ಕ್ಲಾಸಿನಲ್ಲಿ ಕೂತಾಗ ಆ ಅಳಿಲೇ ಕಣ್ಣ ಮುಂದೆ.

ನಾಲ್ಕು ಗಂಟೆಗೆ ಹೊರಟೆ. ಕಾಗದ ಇರಲಿಲ್ಲ. ಟೇಲರಮ್ಮನ ಮನೆಯಲ್ಲಿ ಹೇಳಲು ಶುರುಮಾಡಿದೆ: ಬಿಳಿ ಹಗ್ಗ, ಕಪ್ಪು ಹಗ್ಗ, ಮೊಣಕೈ ಯುದ್ಧ. ಅವರು ಮೆಷಿನ್ ನಿಲ್ಲಿಸಿ, "ತಡಿ, ನಮ್ಮ ಅತ್ತೇನ ಕರೀತೀನಿ, ಮೊದಲಿಂದ ಹೇಳು," ಅಂದರು. ಮೊದಲಿಂದ ಹೇಳಿದೆ. ಮೂರನೇ ಮನೆಗೆ ಹೋಗುವ ಹೊತ್ತಿಗೆ ಕಥೆ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು, ಆದರೂ ನನ್ನ ಬಾಯಿಂದಲೇ ಕೇಳಬೇಕಂತೆ. ಡ್ರೈವಿಂಗ್ ಮೇಷ್ಟ್ರು, "ಲೈಸೆನ್ಸ್ ಇಲ್ಲದೆ ಬಟ್ಟೆ ಒಣಗಿಸಿದ್ದಕ್ಕೆ ದಂಡ," ಅಂತ ಕಾರಿನ ಗಾಜು ಒರೆಸಲು ಹಚ್ಚಿದರು.

ಮನೆಗೆ ಬಂದಾಗ ಏಳು ಗಂಟೆ. ಎಲ್ಲೂ ಕೈಯನ್ನು ಎಲ್ಲಿಟ್ಟುಕೊಳ್ಳಬೇಕು ಅಂತ ಯೋಚಿಸಲಿಲ್ಲ ಅನ್ನುವುದು ಈಗ, ಬರೆಯುವಾಗ, ನೆನಪಾಗುತ್ತಿದೆ. ಗಾಜು ಒರೆಸುತ್ತಿದ್ದವಲ್ಲ.

ಮಾರ್ಚ್ 18, ಮಂಗಳವಾರ

ಫಾರ್ಮ್: ಓದುತ್ತಿದ್ದಾರೆ. ಇನ್ನು ಎರಡು ದಿನ. ಮೂರು ಸಲ ಫ್ರಿಜ್ ಹತ್ತಿರ ಹೋಗಿ ನೋಡಿ ಬಂದೆ. ಯಾಕೆ ಅಂತ ಗೊತ್ತಿಲ್ಲ, ನನಗೆ ಎರಡೂ ಒಂದೇ ತಾನೆ.

ಮಾರ್ಚ್ 19, ಬುಧವಾರ

ಬಿಳಿ ಹಗ್ಗದಲ್ಲಿ ಒಣಹಾಕಿದೆ. ಅಮ್ಮ ತನ್ನ ಯೂನಿಫಾರ್ಮನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು. "ಮೊಣಕೈ ಬೇಡ," ಅಂದಳು.

ಕೋಷ್ಟಕವನ್ನು ಮತ್ತೆ ನೋಡಿದೆ. ಅದರಲ್ಲಿ ವೈಜ್ಞಾನಿಕ ದೋಷಗಳಿವೆ. ಗ್ಯಾರಂಟಿಗೆ 30 ಅಂಕ ಕೊಟ್ಟದ್ದು ಅತಿಯಾಯಿತು. ಗ್ಯಾರಂಟಿ ಅನ್ನುವುದು ಬರೀ ಮಾತು. 5 ಸಾಕು. ವೇಗಕ್ಕೆ 40 ಯಾಕೆ? ನಾನೇನು ರಾಕೆಟ್ ಹಾರಿಸುವುದಿಲ್ಲ. 25 ಮಾಡಿದೆ. ಉಳಿದ 40 ಅಂಕಕ್ಕೆ ಹೊಸ ಕಾಲಮ್ ಹಾಕಿದೆ: ಕರೆದಾಗ ಫೋನ್ ಎತ್ತುತ್ತಾರೋ ಇಲ್ಲವೋ.

ಏಣಿಯಕ್ಕನಿಗೆ ನಲವತ್ತಕ್ಕೆ ನಲವತ್ತು. ಹಾಸ್ಟೆಲ್ ಆಫೀಸಿನವರು ನಾಲ್ಕರಿಂದ ಐದರ ತನಕ ಮಾತ್ರ ಎತ್ತುತ್ತಾರೆ, ಹಾಗಾಗಿ 5. ಒಟ್ಟು: ಏಣಿಯಕ್ಕ 66, ಹಾಸ್ಟೆಲ್ 59. ನಾನೇನು ಮಾಡಲಿ, ಲೆಕ್ಕ ಹಾಗೆ ಬಂತು.

ಮಾರ್ಚ್ 20, ಗುರುವಾರ

ಬೆಳಿಗ್ಗೆ ಅಮ್ಮ ಫಾರ್ಮನ್ನು ಫ್ರಿಜ್ ಮೇಲಿಂದ ತೆಗೆದು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೂತಳು.

"ಕೊನೇ ದಿನ ಅಲ್ವಾ," ಅಂದಳು. "ಇದರಲ್ಲಿ ಕಾರಣ ಅಂತ ಒಂದು ಖಾಲಿ ಗೆರೆ ಇದೆ. ಅಲ್ಲಿಗೆ ಬಂದು ಬಂದು ನಿಂತುಬಿಡ್ತೀನಿ. ಏನು ಬರೀಲಿ?"

"ಮನೆಯಲ್ಲಿ ಇಂಟರ್ನೆಟ್ ಇಲ್ಲ ಅಂತ."

ಅಮ್ಮ 'ಮನೆಯಲ್ಲಿ' ಅಂತ ಬರೆದಳು. ಆಮೇಲೆ ಪೆನ್ನು ಮುಂದೆ ಹೋಗಲಿಲ್ಲ.

ನಾನು ಕೋಷ್ಟಕ ತಂದು ಅದರ ಪಕ್ಕದಲ್ಲಿಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು, ನನ್ನ ಜೀವಮಾನದಲ್ಲೇ ಮೊದಲ ಸಲ, ನಾನು ಕೊಟ್ಟ ಕಾಗದವೊಂದನ್ನು ಮೊದಲಿಂದ ಕೊನೆಯ ತನಕ ನನ್ನೆದುರಿಗೇ ಓದಿದಳು.

"ಫೋನ್ ಎತ್ತೋದಕ್ಕೆ ನಲವತ್ತಾ?"

"ಮುಖ್ಯ ಅಲ್ವಾ ಅದು?"

"ಮುಖ್ಯ," ಅಂದಳು. ಪೆನ್ನಿನ ಮುಚ್ಚಳ ಹಾಕಿದಳು.

ಹಾಸ್ಟೆಲ್ಲಿಗೆ ನಾಲ್ಕೂ ಐದಕ್ಕೆ ಫೋನ್ ಮಾಡಿ ಮಂಚ ಬೇಡ ಅಂದೆ. ತಾಂತ್ರಿಕ ಕಾರಣ ಅಂತ ಹೇಳಿದೆ.

ಮಾರ್ಚ್ 21, ಶುಕ್ರವಾರ

ಏಣಿಯಕ್ಕ ಕನೆಕ್ಷನ್ ಕೊಟ್ಟರು. ಬಾಯಿಬಿಟ್ಟ ಡಬ್ಬಿ ಬದಲಾಯಿಸಿ, ಕಪ್ಪು ತಂತಿಯನ್ನು ನನ್ನ ಕೈಗೆ ಎಟುಕದಷ್ಟು ಎತ್ತರಕ್ಕೆ ಕಟ್ಟಿದರು. ಕಟ್ಟುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, ಕೈ ಮೇಲೆತ್ತಿಸಿ ಅಳತೆ ನೋಡಿದರು.

ಪಾಸ್‌ವರ್ಡ್ ಏನಿಡಲಿ, ಎಂಟು ಅಕ್ಷರವಾದರೂ ಬೇಕು, ಮರೀಬಾರದು ಅಂದರು. ನಾನು ಯೋಚಿಸುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದಲೇ, "117 ಮೂರು ಸಲ," ಅಂದಳು. ಎಂಟು ವರ್ಷ ನನ್ನ ಪ್ರತಿ ಬಟ್ಟೆಗೂ ಹೊಲಿದ ನಂಬರು, ಕೈಗೆ ಬಾಯಿಪಾಠವಂತೆ. ಸೆಕ್ಯುರಿಟಿ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಪಾಸ್‌ವರ್ಡ್ ಇರಲಾರದು. ಅಮ್ಮ ಅದನ್ನು ಫಾರ್ಮಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದು, ಆಸ್ಪತ್ರೆಯ ಬಿಳಿ ಟೇಪಿನಿಂದ ಗೋಡೆಗೆ ಅಂಟಿಸಿದ್ದಾಳೆ. ಹೋಗಲಿ, ಫಾರ್ಮ್ ಒಂದು ಕೆಲಸಕ್ಕೆ ಬಂತು.

ಟ್ರಂಕ್ ಖಾಲಿ ಮಾಡಿದೆ. ರೂಟರ್ ಇಡಲು ಸರಿಯಾದ ಎತ್ತರದ ವಸ್ತು ಬೇರೆ ಇರಲಿಲ್ಲ.

ಮಾರ್ಚ್ 28, ಶುಕ್ರವಾರ

ಪರೀಕ್ಷೆ ಹನ್ನೊಂದಕ್ಕೆ. ಅಮ್ಮ ಪಾಳಿ ಬದಲಾಯಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು, ಯಾರೂ ತಾರಸಿಗೆ ಬಟ್ಟೆ ತರದ ಹಾಗೆ. ನಮ್ಮ ತಾರಸಿಗೆ ಬಟ್ಟೆ ತರುವವಳು ನಾನೊಬ್ಬಳೇ, ನಾನು ಒಳಗಿದ್ದೆ. ಆದರೂ ಕೂತಿದ್ದಳು. ಮೇಲೆ ಏಣಿಯಕ್ಕ. ಗ್ಯಾರಂಟಿ ಕೊಟ್ಟಿರಲಿಲ್ಲ, ಸುಮ್ಮನೆ ಗಾಳಿ ಕುಡಿಯಲು ಬಂದೆ ಅಂದರು, ಏಣಿ ಸಮೇತ.

ಮೊದಲ ನಾಲ್ಕು ಪ್ರಶ್ನೆ ಹಾಗೂ ಹೀಗೂ ದಾಟಿದೆ. ಐದನೆಯದು: ಸಮೀಕ್ಷೆಯಲ್ಲಿ ಪಕ್ಷಪಾತ ಹೇಗೆ ನುಸುಳುತ್ತದೆ, ಸ್ವಂತ ಉದಾಹರಣೆ ಕೊಡಿ.

ಪುಸ್ತಕದಲ್ಲಿದ್ದದ್ದೆಲ್ಲ ಮರೆತುಹೋಯಿತು. ತಲೆಯಲ್ಲಿ ಇದ್ದದ್ದು ಒಂದೇ. ಹೇಳಿದೆ. ಒಬ್ಬಳು ಹುಡುಗಿ ಒದ್ದೆ ಬೆಡ್‌ಶೀಟಿನಿಂದ ಓಣಿಯ ಇಂಟರ್ನೆಟ್ ಕೆಡಿಸಿ, ಕೆಟ್ಟ ದಿನವೇ ಹೋಗಿ ಸಹಿ ಸಂಗ್ರಹಿಸಿದಳು. ಆಮೇಲೆ ಅಂಕ ಕೊಡುವ ಕೋಷ್ಟಕ ಮಾಡಿದಳು, ತನಗೆ ಬೇಕಾದ ಉತ್ತರ ಬರುವ ತನಕ ಕಾಲಮ್ಮುಗಳನ್ನು ಬದಲಾಯಿಸುತ್ತಾ ಹೋದಳು. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಪರೀಕ್ಷಕರು ಮೊದಲ ಸಲ ಕಾಗದದಿಂದ ತಲೆ ಎತ್ತಿದರು. "ಸರಿ. ಆ ಹುಡುಗಿಗೆ ಯಾವ ಉತ್ತರ ಬೇಕಿತ್ತು?"

ಬಾಯಿ ತೆರೆದೆ. ಲೈನ್ ಕಟ್ಟಾಯಿತು.

"ಅಕ್ಕಾ!" ಅಂತ ಕಿಟಕಿಯಿಂದ ಕಿರುಚಿದೆ. "ಅಕ್ಕಾ!" ಅಂತ ಮೆಟ್ಟಿಲಿನಿಂದ ಅಮ್ಮ ಕಿರುಚಿದಳು.

ಮೇಲಿನಿಂದ ಏಣಿಯಕ್ಕನ ದನಿ: "ಈ ಸಲ ನಿಜವಾಗ್ಲೂ ಅಳಿಲೇ!" ಆಮೇಲೆ ಏನೋ ಉರುಳಿದ ಸದ್ದು, ಏಣಿ ಎಳೆದ ಸದ್ದು, ಒಂದು ಚಿಕ್ ಚಿಕ್. ನಲವತ್ತು ಸೆಕೆಂಡಿಗೆ ಪರೀಕ್ಷಕರ ಮುಖ ಮತ್ತೆ ಮೂಡಿತು. ಅವರು ಆರನೇ ಪ್ರಶ್ನೆಗೆ ಹೋಗಿಯಾಗಿತ್ತು. ಆಮೇಲೆ ಲೈನ್ ಕಡೆಯ ತನಕ ಅಲುಗಾಡಲಿಲ್ಲ.

ಪಾಸಾಗಬಹುದು. ಆಗದೆಯೂ ಇರಬಹುದು. ಏಣಿಯಕ್ಕ ಟೀ ಕುಡಿದು ಹೋದರು, ಅಳಿಲನ್ನು ಕೈಯಾರೆ ಹಿಡಿದಷ್ಟು ಹೆಮ್ಮೆಯಿಂದ.

ಅಮ್ಮ ಇನ್ನೊಂದು ಲೋಟ ಟೀ ತಂದು ನನ್ನೆದುರು ಕೂತಳು. ಏನೇನು ಕೇಳಿದರು ಅಂದಳು. ಎಲ್ಲ ಹೇಳಿದೆ, ಐದನೆಯದನ್ನೂ.

"ಆ ಪ್ರಶ್ನೆಗೆ ಏನು ಹೇಳ್ತಿದ್ದೆ?"

"ಲೈನ್ ಕಟ್ಟಾಗಿತ್ತಲ್ಲಮ್ಮ."

"ಈಗ ಕಟ್ಟಾಗಿಲ್ಲವಲ್ಲ," ಅಂದಳು.

ಟೀ ಎರಡು ಸಲ ಬಿಸಿ ಮಾಡಬೇಕಾಯಿತು. ಇವತ್ತಿಗೆ ಇಷ್ಟು ಸಾಕು. ಅಮ್ಮನಿಗೆ ಹೇಳಿ ಆಗಿದ್ದನ್ನೇ ಇಲ್ಲಿ ಮತ್ತೊಂದು ಸಲ ಯಾಕೆ ಬರೆಯಲಿ.